ಮನೆಗೆ ಅಂತರ್ಜಾಲ: ತಂತಿಯ ಬಗೆ, ವೇಗ ಮತ್ತು ಮಿತಿ

ದಕ್ಷಿಣ ಕನ್ನಡ ಜಿಲ್ಲೆಯ ಜಮೀನುದಾರರಲ್ಲಿ ಅನೇಕರಿಗೆ ಎರಡು ಮನೆಗಳಿರುತ್ತವೆ. ಒಂದು ಸುಳ್ಯ, ಕಡಬ, ಬೆಳ್ತಂಗಡಿ ಕಡೆಯ ತೋಟದ ಮನೆ. ಇನ್ನೊಂದು ಮಕ್ಕಳ ವಿದ್ಯಾಭ್ಯಾಸದ ನಿಮಿತ್ತ ಮಂಗಳೂರಿನಲ್ಲಿ ಮಾಡಿಕೊಂಡ ಮನೆ ಅಥವಾ ಫ್ಲ್ಯಾಟು. ಈ ಎರಡಕ್ಕೂ ಅಂತರ್ಜಾಲದ ಸಂಪರ್ಕವು ಈಗ ವಿದ್ಯುತ್ತಿನಷ್ಟೇ ಅವಶ್ಯವಾಗಿ ಪರಿಣಮಿಸಿದೆ. ಪಹಣಿಯನ್ನು ನೋಡುವುದು, ಬೆಳೆ ಸಮೀಕ್ಷೆಯ ವಿವರಗಳನ್ನು ಒಪ್ಪಿಸುವುದು, ಅಡಿಕೆ ಮತ್ತು ಕರಿಮೆಣಸಿನ ಹವಾಮಾನ ಆಧಾರಿತ ಬೆಳೆವಿಮೆಗೆ ಬೇಕಾದ ಕಾಗದಪತ್ರಗಳನ್ನು ಹೊಂದಿಸುವುದು, ಕ್ಯಾಂಪ್ಕೋ ಸಂಸ್ಥೆಯ ಆ ದಿನದ ಧಾರಣೆಯನ್ನು ತಿಳಿಯುವುದು, ಬೋರ್ಡೋ ದ್ರಾವಣ ಸಿಂಪಡಿಸಲು ಮಳೆಯು ಎರಡು ದಿನ ಬಿಡುವು ಕೊಡುವುದೋ ಇಲ್ಲವೋ ಎಂದು ಮುನ್ಸೂಚನೆ ನೋಡುವುದು, ಇವೆಲ್ಲವೂ ಇದರ ಮೂಲಕವೇ ನಡೆಯುತ್ತಿವೆ. ೨೦೨೦ ಮತ್ತು ೨೦೨೧ರಲ್ಲಿ ಶಾಲೆಗಳು ಮುಚ್ಚಿದ್ದಾಗ ಘಟ್ಟದ ಬುಡದ ಗ್ರಾಮಗಳ ಮಕ್ಕಳು ಪಾಠ ಕೇಳುವುದಕ್ಕಾಗಿ ರೇಂಜ್ ಸಿಗುವ ಗುಡ್ಡವನ್ನು ಹತ್ತಿ ಕುಳಿತುದನ್ನೂ, ಸುಳ್ಯ ತಾಲೂಕಿನಲ್ಲಿ ತಂದೆಯೊಬ್ಬರು ಸುರಿಯುವ ಮಳೆಯಲ್ಲಿ ರಸ್ತೆಯ ಬದಿಯಲ್ಲಿ ಮಗಳ ತಲೆಯ ಮೇಲೆ ಛತ್ರಿ ಹಿಡಿದು ನಿಂತುದನ್ನೂ ಜಿಲ್ಲೆಯ ಜನರು ಮರೆತಿರಲಾರರು.

ಇಷ್ಟು ಅವಶ್ಯವಾದ ವಸ್ತುವನ್ನು ಆರಿಸುವ ಕ್ರಮ ಮಾತ್ರ ಇನ್ನೂ ಸರಿಯಾಗಿಲ್ಲ. ಪಂಪು ಕೊಳ್ಳುವ ಮುನ್ನ ಬಾವಿಯ ಆಳವೆಷ್ಟು, ನೀರು ಏರಬೇಕಾದ ಎತ್ತರವೆಷ್ಟು, ಪೈಪು ಎಷ್ಟು ಇಂಚಿನದು ಎಂದು ನಾಲ್ಕು ಕಡೆ ವಿಚಾರಿಸುವ ಗೃಹಸ್ಥರೇ, ಅಂತರ್ಜಾಲದ ವಿಷಯದಲ್ಲಿ ಜಾಹೀರಾತಿನಲ್ಲಿ ದೊಡ್ಡದಾಗಿ ಅಚ್ಚಾದ ಒಂದು ಅಂಕೆಯನ್ನು ನೋಡಿ ವರ್ಷದ ಹಣವನ್ನು ಮುಂಗಡವಾಗಿ ಕೊಟ್ಟುಬಿಡುತ್ತಾರೆ. ಪೇಟೆಯ ಮನೆಯಲ್ಲಿ ಬೇಕಾದುದಕ್ಕಿಂತ ಹತ್ತು ಪಾಲು ವೇಗಕ್ಕೆ ಹಣ ತೆರುವುದೂ, ತೋಟದ ಮನೆಯಲ್ಲಿ ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಸಂಪರ್ಕವೇ ಇಲ್ಲದೆ ಕುಳಿತುಕೊಳ್ಳುವುದೂ ಇದರ ಫಲ. ಆ ಒಂದು ಅಂಕೆಯ ಹಿಂದೆ ಏನೇನಿದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ವೇಗವೂ ಪರಿಮಾಣವೂ ಬೇರೆ ಬೇರೆ:— ತೋಟಕ್ಕೆ ನೀರು ಬಿಡುವವರಿಗೆ ಈ ಭೇದವನ್ನು ಹೇಳಿಕೊಡಬೇಕಾದುದಿಲ್ಲ. ಪೈಪಿನ ಅಗಲ ಒಂದು ವಿಷಯ, ಟ್ಯಾಂಕಿಯಲ್ಲಿರುವ ನೀರು ಇನ್ನೊಂದು ವಿಷಯ. ಅಗಲವಾದ ಪೈಪು ಹಾಕಿದ ಮಾತ್ರಕ್ಕೆ ಟ್ಯಾಂಕಿಯ ನೀರು ಹೆಚ್ಚುವುದಿಲ್ಲ. ಬೇಗ ಬರಿದಾಗುವುದು, ಅಷ್ಟೆ. ಅಂತರ್ಜಾಲದಲ್ಲಿ ಪೈಪಿನ ಅಗಲಕ್ಕೆ ಎಂಬಿಪಿಎಸ್ ಎಂಬ ಅಳತೆ. ತಿಂಗಳಿಗೋ ದಿನಕ್ಕೋ ಕೊಡುವ ನೀರಿಗೆ ಜಿಬಿ ಎಂಬ ಅಳತೆ. ಮೊದಲನೆಯದು ವೇಗ, ಎರಡನೆಯದು ಮಿತಿ.

ಇವೆರಡನ್ನೂ ಕೂಡಿಸಿ ಲೆಕ್ಕ ಹಾಕುವಾಗ ಒಂದು ತೊಡಕು ಉಂಟು. ವೇಗವನ್ನು ಬಿಟ್ಟುಗಳಲ್ಲಿಯೂ ಪರಿಮಾಣವನ್ನು ಬೈಟುಗಳಲ್ಲಿಯೂ ಅಳೆಯುವುದು ರೂಢಿ. ಎಂಟು ಬಿಟ್ಟು ಕೂಡಿದರೆ ಒಂದು ಬೈಟು. ಸೆಕೆಂಡಿಗೆ ಹತ್ತು ಲಕ್ಷ ಬಿಟ್ಟು ಹರಿದರೆ ಅದು ೧ ಎಂಬಿಪಿಎಸ್. ಹತ್ತು ಲಕ್ಷ ಬೈಟಿಗೆ ೧ ಎಂಬಿ, ನೂರು ಕೋಟಿ ಬೈಟಿಗೆ ೧ ಜಿಬಿ. ಆದ್ದರಿಂದ ೧೦೦ ಎಂಬಿಪಿಎಸ್ ಎಂದು ಹೇಳಿ ಕೊಟ್ಟ ಸಂಪರ್ಕದಲ್ಲಿ ೧೦೦ ಎಂಬಿ ಗಾತ್ರದ ಕಡತವು ಒಂದು ಸೆಕೆಂಡಿನಲ್ಲಿ ಬರಲಿಲ್ಲ, ಎಂಟು ಸೆಕೆಂಡು ಹಿಡಿಯಿತು ಎಂದು ದೂರುವವರು ಮೋಸ ಹೋದವರಲ್ಲ. ಅಳತೆಯನ್ನು ತಪ್ಪಾಗಿ ತಿಳಿದವರು. ಜ್ಞಾಪಕದಲ್ಲಿಡಬೇಕಾದ ಲೆಕ್ಕ ಒಂದೇ: ೧ ಎಂಬಿಪಿಎಸ್ ವೇಗದಲ್ಲಿ ಒಂದು ಗಂಟೆ ನಿರಂತರವಾಗಿ ಹರಿದರೆ ೪೫೦ ಎಂಬಿ ಖರ್ಚಾಗುವುದು, ಅಂದರೆ ಅರ್ಧ ಜಿಬಿಗಿಂತ ತುಸು ಕಡಿಮೆ. ಮುಂದಿನ ಎಲ್ಲ ಲೆಕ್ಕಗಳೂ ಇದರಿಂದಲೇ ಹೊರಡುತ್ತವೆ.

ಮೂರನೆಯ ಅಳತೆಯೊಂದಿದೆ, ಜಾಹೀರಾತುಗಳಲ್ಲಿ ಅದರ ಹೆಸರು ಕಾಣಿಸುವುದಿಲ್ಲ. ತೋಡಿನ ಮೇಲ್ಗಡೆ ಕಟ್ಟವನ್ನು ಬಿಚ್ಚಿದ ಮೇಲೆ ಮೊದಲ ನೀರು ಕೆಳಗಿನ ಗದ್ದೆಗೆ ಮುಟ್ಟಲು ಹಿಡಿಯುವ ಹೊತ್ತಿನಂತೆ, ಇಲ್ಲಿಂದ ಕೇಳಿದ್ದಕ್ಕೆ ಅಲ್ಲಿಂದ ಉತ್ತರ ಹೊರಟು ಬರುವ ವಿಳಂಬ. ಸಿನೆಮಾ ನೋಡುವವರಿಗೆ ಇದರಿಂದ ಬಾಧಕವಿಲ್ಲ. ಆದರೆ ವಿಡಿಯೋ ಮೂಲಕ ಪಾಠ ಕೇಳುವಾಗಲೂ, ಮಗನೊಡನೆ ಮಾತನಾಡುವಾಗಲೂ, ಬ್ಯಾಂಕಿನ ಒಟಿಪಿ ಮುಗಿಯುವುದರೊಳಗೆ ಪುಟ ತೆರೆಯಬೇಕಾದಾಗಲೂ ವಿಳಂಬವು ವೇಗಕ್ಕಿಂತ ಹೆಚ್ಚು ಕಾಡುವುದು.

ತಂತಿಯ ಬಗೆಗಳು:— ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲವು ದೊರೆಯಲಾರಂಭಿಸಿದುದು ೧೯೯೫ರ ಆಗಸ್ಟ್ ೧೫ರಂದು. ಆಗ ಟೆಲಿಫೋನಿನ ಮೂಲಕವೇ ನಂಬರು ಒತ್ತಿ ಸಂಪರ್ಕ ಪಡೆಯಬೇಕಾಗಿತ್ತು; ಅಂತರ್ಜಾಲ ನಡೆಯುತ್ತಿದ್ದರೆ ಮನೆಗೆ ಬೇರೆ ಕರೆ ಬರುವಂತಿರಲಿಲ್ಲ. ೨೦೦೪ರ ಸರಕಾರದ ನೀತಿಯು ೨೫೬ ಕೆಬಿಪಿಎಸ್ ವೇಗಕ್ಕೆ ಬ್ರಾಡ್‌ಬ್ಯಾಂಡ್ ಎಂಬ ಹೆಸರು ಕೊಟ್ಟಿತು. ಆ ಮೊತ್ತವನ್ನು ೨೦೧೩ರಲ್ಲಿ ೫೧೨ ಕೆಬಿಪಿಎಸ್‌ಗೂ ೨೦೨೩ರಲ್ಲಿ ೨ ಎಂಬಿಪಿಎಸ್‌ಗೂ ಏರಿಸಲಾಯಿತು. ಕಾನೂನಿನ ಕನಿಷ್ಠ ಮೊತ್ತ ಇಷ್ಟು ಸಣ್ಣದೆಂಬುದನ್ನು ಗಮನಿಸತಕ್ಕದ್ದು. “ಬ್ರಾಡ್‌ಬ್ಯಾಂಡ್ ಕೊಡುತ್ತೇವೆ” ಎಂಬ ಮಾತಿನಿಂದ ಮಾತ್ರವೇ ಏನೂ ಸ್ಥಿರಪಡುವುದಿಲ್ಲ.

ಹಳೆಯ ಟೆಲಿಫೋನಿನ ತಾಮ್ರದ ಜೋಡಿ ತಂತಿಯ ಮೇಲೆ ಬರುವ ಸಂಪರ್ಕವು ಈಗಲೂ ಕೆಲವು ಮನೆಗಳಲ್ಲಿರಬಹುದು. ಇದರ ಗುಣವೂ ದೋಷವೂ ದೂರದ ಮೇಲೆ ನಿಂತಿವೆ. ಎಕ್ಸ್‌ಚೇಂಜಿನ ಪಕ್ಕದ ಮನೆಗೆ ೨೦ ಎಂಬಿಪಿಎಸ್ ಮೀರಿ ಬರಬಲ್ಲ ಈ ತಂತಿಯಲ್ಲಿ ನಾಲ್ಕೈದು ಕಿಲೋಮೀಟರಿನ ಆಚೆಗೆ ಒಂದೆರಡು ಎಂಬಿಪಿಎಸ್ ಉಳಿಯುವುದೇ ಕಷ್ಟ. ಜೋಡಣೆಗಳಲ್ಲಿ ನೀರಿಳಿದರೆ ಅದೂ ಇಲ್ಲ. ಹೊಸದಾಗಿ ಸಂಪರ್ಕ ಪಡೆಯುವವರು ಇದನ್ನು ಆರಿಸಲು ಕಾರಣವಿಲ್ಲ. ಇದ್ದ ಒಂದು ಅನುಕೂಲವನ್ನು ಮಾತ್ರ ಹೇಳಬೇಕು: ತಾಮ್ರದ ಟೆಲಿಫೋನಿಗೆ ಬೇಕಾದ ವಿದ್ಯುತ್ತು ಎಕ್ಸ್‌ಚೇಂಜಿನಿಂದಲೇ ಬರುತ್ತಿದ್ದುದರಿಂದ ಊರಿಡೀ ಕತ್ತಲಾದರೂ ಫೋನು ಮಾತ್ರ ಜೀವಂತವಾಗಿರುತ್ತಿತ್ತು. ಫೈಬರಿಗೆ ಬದಲಾಯಿಸಿಕೊಂಡವರು ಇದನ್ನು ಕಳೆದುಕೊಂಡಿದ್ದಾರೆ. ಬಹು ಮಂದಿಗೆ ಇದು ತಿಳಿದುದು ಮೊದಲ ಮಳೆಗಾಲದಲ್ಲಿ.

ಫೈಬರ್ ಎಂಬುದು ಕೂದಲಿನಷ್ಟು ಸಣ್ಣ ಗಾಜಿನ ಎಳೆ. ಅದರೊಳಗೆ ಮಾಹಿತಿಯು ಬೆಳಕಿನ ರೂಪದಲ್ಲಿ ಹರಿಯುವುದು. ತಾಮ್ರದಂತೆ ಇದಕ್ಕೆ ಐದು ಕಿಲೋಮೀಟರಿನ ಬಾಧೆಯಿಲ್ಲ. ಮನೆಗಳಿಗೆ ಕೊಡುವ ವ್ಯವಸ್ಥೆಯು ೨೦ ಕಿಲೋಮೀಟರಿನವರೆಗೂ ನಡೆಯಬಲ್ಲುದು. ಆದರೆ ಪ್ರತಿ ಮನೆಗೂ ಒಂದೊಂದು ಎಳೆ ಕೇಂದ್ರದಿಂದ ನೇರವಾಗಿ ಬಂದಿರುತ್ತದೆಂದು ತಿಳಿಯಬಾರದು. ಒಂದು ಎಳೆಯನ್ನು ದಾರಿಯಲ್ಲಿ ಒಡೆದು ೩೨ ಅಥವಾ ೬೪ ಮನೆಗಳಿಗೆ ಹಂಚುವುದು ವಾಡಿಕೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಜಿಪಾನ್ ಎಂಬ ಪದ್ಧತಿಯಲ್ಲಿ ಆ ಒಂದು ಎಳೆಯ ಇಳಿಮುಖದ ಒಟ್ಟು ಶಕ್ತಿ ಸುಮಾರು ೨೫೦೦ ಎಂಬಿಪಿಎಸ್. ೬೪ ಮನೆಯವರೂ ಒಂದೇ ಕ್ಷಣದಲ್ಲಿ ತುಂಬ ಎಳೆದರೆ ಒಬ್ಬೊಬ್ಬರಿಗೆ ೩೯ ಎಂಬಿಪಿಎಸ್ ಮಾತ್ರ ಬರುವುದು. ಹಾಗೆ ಎಲ್ಲರೂ ಒಟ್ಟಿಗೆ ಎಳೆಯುವುದು ಅಪರೂಪವಾದುದರಿಂದ ೧೦೦ ಎಂಬಿಪಿಎಸ್ ಎಂದು ಹೇಳಿ ಮಾರುವುದರಲ್ಲಿ ಅಸತ್ಯವಿಲ್ಲ. ಒಂದು ತೋಡಿನಿಂದ ಸರದಿಯ ಪ್ರಕಾರ ನೀರು ಪಡೆಯುವ ಗದ್ದೆಗಳವರಿಗೆ ಈ ನ್ಯಾಯ ಹೊಸದಲ್ಲ. ರಾತ್ರಿ ಎಂಟರಿಂದ ಹತ್ತರವರೆಗೆ ವೇಗ ತಗ್ಗುವುದಾದರೆ ಅದಕ್ಕೆ ಕಾರಣ ಹೆಚ್ಚಾಗಿ ಮನೆಗೆ ಬಂದ ಈ ಎಳೆಯಲ್ಲ. ಸ್ಥಳೀಯ ಕೇಬಲಿನವರು ಮೇಲಿನ ಕಂಪನಿಯಿಂದ ಎಷ್ಟು ನೀರನ್ನು ಕೊಂಡುಕೊಂಡು ಎಷ್ಟು ಮನೆಗಳಿಗೆ ಹಂಚುತ್ತಿದ್ದಾರೆ ಎಂಬುದರಲ್ಲಿರುತ್ತದೆ. ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಅದೇ ಬೀದಿಯಲ್ಲಿ ಈಗಾಗಲೇ ಅದೇ ಸಂಪರ್ಕವನ್ನು ಪಡೆದಿರುವ ಮನೆಗೆ ರಾತ್ರಿ ಒಂಬತ್ತಕ್ಕೆ ಹೋಗಿ ನೋಡುವುದೊಂದೇ ಉಪಾಯ.

ಫೈಬರಿನ ಇನ್ನೊಂದು ಗುಣವು ಏರುಮುಖದ ವೇಗ. ತಾಮ್ರದಲ್ಲಿ ಮನೆಯಿಂದ ಹೊರಕ್ಕೆ ಹೋಗುವ ದಾರಿ ಬಹಳ ಇಕ್ಕಟ್ಟು; ಫೈಬರಿನಲ್ಲಿ ಎರಡೂ ಕಡೆಗೆ ಸಮಾನವಾದ ವೇಗವನ್ನು ಕೊಡುವ ಯೋಜನೆಗಳುಂಟು. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯ ಕಾವಲಿಗೆ ಕ್ಯಾಮೆರಾ ಇಟ್ಟು ಮಂಗಳೂರಿನಲ್ಲಿ ಕುಳಿತು ನೋಡಬೇಕೆನ್ನುವವರು ಮೊದಲು ಇದನ್ನೇ ವಿಚಾರಿಸತಕ್ಕದ್ದು. ಒಂದು ಕ್ಯಾಮೆರಾವು ೧ ಎಂಬಿಪಿಎಸ್ ಪ್ರಮಾಣದಲ್ಲಿ ಹಗಲಿರುಳು ಚಿತ್ರವನ್ನು ದೂರದ ಕೇಂದ್ರಕ್ಕೆ ಕಳುಹಿಸುತ್ತಿದ್ದರೆ ದಿನಕ್ಕೆ ೧೦.೮ ಜಿಬಿ, ತಿಂಗಳಿಗೆ ೩೨೪ ಜಿಬಿ ಖರ್ಚು. ನಾಲ್ಕು ಕ್ಯಾಮೆರಾಗಳಾದರೆ ೧೩೦೦ ಜಿಬಿಯಷ್ಟು. ಚಿತ್ರವನ್ನು ಮನೆಯಲ್ಲಿಯೇ ಇರುವ ಪೆಟ್ಟಿಗೆಯಲ್ಲಿ ದಾಖಲು ಮಾಡಿ, ಬೇಕಾದಾಗ ಮಾತ್ರ ದೂರದಿಂದ ತೆರೆದು ನೋಡುವ ಬಗೆಯದಾದರೆ ಈ ಖರ್ಚು ಇಲ್ಲವೆನ್ನುವಷ್ಟು ಇಳಿಯುವುದು.

ತಂತಿಯಿಲ್ಲದೆ ಬರುವ ಬಗೆಗಳಲ್ಲಿ ಮೊಬೈಲಿನ ಸಿಮ್ ಎಲ್ಲರಿಗೂ ಪರಿಚಿತ. ೨೦೧೬ರ ನಂತರ ಇದರ ದರಗಳು ಹಿಂದೆ ಕಾಣದಷ್ಟು ಇಳಿದುದರಿಂದ ಅನೇಕ ಮನೆಗಳು ಟೆಲಿಫೋನಿನ ತಂತಿಯನ್ನೇ ತೆಗೆಸಿಬಿಟ್ಟವು. ೨೦೨೨ರ ಅಕ್ಟೋಬರ್ ೧ರಂದು ದೇಶದಲ್ಲಿ ೫ಜಿ ಸೇವೆಗೆ ಚಾಲನೆ ದೊರೆತು, ಮರುವರ್ಷ ಅದರ ಆಧಾರದಿಂದ ಏರ್‌ಫೈಬರ್ ಎಂಬ ಬಗೆ ಬಂತು. ಹೆಸರಿನಲ್ಲಿ ಫೈಬರ್ ಇದ್ದರೂ ಮನೆಯವರೆಗೆ ಗಾಜಿನ ಎಳೆ ಬಂದಿರುವುದಿಲ್ಲ; ಛಾವಣಿಯ ಮೇಲೆ ಕೂರಿಸಿದ ಒಂದು ಪೆಟ್ಟಿಗೆಯು ಟವರಿನಿಂದ ಅಲೆಗಳನ್ನು ಹಿಡಿದು ಒಳಗಿನ ರೂಟರಿಗೆ ಕೊಡುವುದು. ಟವರು ಕಣ್ಣಿಗೆ ಕಾಣುವಂತಿದ್ದರೆ ಇದು ಒಳ್ಳೆಯದೇ. ಕದ್ರಿ, ಬಿಜೈ, ಕಂಕನಾಡಿಯಂಥ ಕಡೆ ಬಾಡಿಗೆ ಮನೆಯಲ್ಲಿದ್ದು ಗೋಡೆ ಕೊರೆಯಲು ಮಾಲೀಕರ ಅಪ್ಪಣೆಯಿಲ್ಲದವರಿಗೆ ವಿಶೇಷವಾಗಿ ಅನುಕೂಲ. ಆದರೆ ನಡುವೆ ತೆಂಗು, ಹಲಸು, ಮಾವುಗಳಿದ್ದು ಅವುಗಳ ಎಲೆ ಮಳೆಯಲ್ಲಿ ನೆನೆದಿದ್ದರೆ ಹೆಚ್ಚು ವೇಗ ಕೊಡುವ ಅಲೆಗಳೇ ಮೊದಲು ಕುಗ್ಗುವುವು. ಏಪ್ರಿಲಿನಲ್ಲಿ ಪರೀಕ್ಷಿಸಿ ಒಪ್ಪಿದ ಸಂಪರ್ಕವು ಜುಲೈಯಲ್ಲಿ ಹಾಗೆಯೇ ಇರುವುದೆಂಬ ಭರವಸೆಯಿಲ್ಲ.

ಉಪಗ್ರಹದ ಮೂಲಕ ಬರುವ ಬಗೆಯು ಕೊನೆಯದು. ಭೂಮಿಯಿಂದ ಸುಮಾರು ೩೬,೦೦೦ ಕಿಲೋಮೀಟರು ಎತ್ತರದಲ್ಲಿ ನಿಂತ ಹಳೆಯ ಬಗೆಯ ಉಪಗ್ರಹಗಳಿಂದ ಪ್ರಶ್ನೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡು ಹಿಡಿಯುವುದರಿಂದ ಸಂಭಾಷಣೆಗೆ ತೊಂದರೆ. ಕೆಲವು ನೂರು ಕಿಲೋಮೀಟರು ಎತ್ತರದಲ್ಲಿಯೇ ಸುತ್ತುವ ಹೊಸ ಬಗೆಯ ಉಪಗ್ರಹಗಳಲ್ಲಿ ಈ ದೋಷವಿಲ್ಲ. ಆದರೆ ಆಕಾಶವು ತೆರೆದು ಕಾಣಬೇಕು. ದಟ್ಟವಾದ ಅಡಿಕೆ ತೋಟದ ನಡುವಣ ಹೆಂಚಿನ ಮನೆಗೆ ಆ ತೆರವು ಸುಲಭವಾಗಿ ಸಿಗುವುದಿಲ್ಲ.

ಮಳೆ, ಸಿಡಿಲು, ವಿದ್ಯುತ್ತು:— ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರು ಮಳೆ ಬೀಳುವ ಜಿಲ್ಲೆಯಲ್ಲಿ ಸಂಪರ್ಕದ ನಿಜವಾದ ಬೆಲೆಯು ಗೊತ್ತಾಗುವುದು ಎಂಬಿಪಿಎಸ್ ಅಂಕೆಯಿಂದಲ್ಲ, ವರ್ಷದಲ್ಲಿ ಎಷ್ಟು ದಿನ ಕಡಿದು ಬಿದ್ದಿತ್ತು ಎಂಬುದರಿಂದ. ಬಯಲುಸೀಮೆಯ ಊರುಗಳಂತೆ ಇಲ್ಲಿ ಮನೆಗಳು ಒಂದೆಡೆ ಸೇರಿಲ್ಲ. ಒಂದೊಂದು ಮನೆ ಒಂದೊಂದು ತೋಟದೊಳಗೆ. ಮುಖ್ಯ ರಸ್ತೆಯಿಂದ ಅರ್ಧ ಕಿಲೋಮೀಟರು, ಒಂದು ಕಿಲೋಮೀಟರು ಫೈಬರು ಮರದಿಂದ ಮರಕ್ಕೆ ತೂಗಿಕೊಂಡು ಬರಬೇಕು. ಅಡಿಕೆಯ ಸೋಗೆ ಬಿದ್ದರೆ, ತೆಂಗಿನ ಮಡಲು ಬಿದ್ದರೆ, ಮಂಗಗಳು ಜೋತಾಡಿದರೆ, ಅಳಿಲು ಕಚ್ಚಿದರೆ ಕಡಿಯಿತು. ಕಡಿದ ಗಾಜಿನ ಎಳೆಯನ್ನು ತಾಮ್ರದಂತೆ ಹೊಸೆದು ಕಟ್ಟಲಾಗುವುದಿಲ್ಲ. ಯಂತ್ರವನ್ನು ತಂದು ಬೆಸೆಯಬೇಕು. ಆದ್ದರಿಂದ ಕಂಪನಿಯ ಹೆಸರಿಗಿಂತ ಆ ಬೆಸೆಯುವ ಯಂತ್ರವಿರುವ ಮನುಷ್ಯ ಎಷ್ಟು ದೂರದಲ್ಲಿದ್ದಾನೆ ಎಂಬ ಪ್ರಶ್ನೆ ದೊಡ್ಡದು. ಪುತ್ತೂರಿನಿಂದ ಬರಬೇಕಾದವನಿಗಿಂತ ಮುಂದಿನ ಊರಿನಲ್ಲಿರುವವನು ಲೇಸು, ಅವನು ಕೊಡುವ ವೇಗವು ಅರ್ಧವೇ ಆದರೂ. ಮನೆಯ ಪೆಟ್ಟಿಗೆಯ ಮೇಲೆ ಎಲ್‌ಒಎಸ್ ಎಂದು ಗುರುತಿರುವ ಕೆಂಪು ದೀಪ ಮಿನುಗುತ್ತಿದ್ದರೆ ಬೆಳಕು ಬರುತ್ತಿಲ್ಲವೆಂದು ಅರ್ಥ. ಎಳೆ ಕಡಿದಿರಬಹುದು, ಇಲ್ಲವೆ ಎಲ್ಲಿಯೋ ತೀರ ಬಾಗಿರಬಹುದು. ಈ ಒಂದು ಸಂಗತಿಯನ್ನು ದೂರು ಹೇಳುವಾಗಲೇ ತಿಳಿಸಿದರೆ ರೂಟರನ್ನು ಆರಿಸಿ ಹಾಕಿ ನೋಡಿ ಎಂಬ ಉಪದೇಶದಲ್ಲಿ ಅರ್ಧ ದಿನ ಕಳೆಯುವುದು ತಪ್ಪುವುದು.

ಏಪ್ರಿಲ್, ಮೇ ತಿಂಗಳುಗಳ ಮುಂಗಾರುಪೂರ್ವ ಮಳೆಯಲ್ಲಿಯೂ ಅಕ್ಟೋಬರಿನ ಸಂಜೆಗಳಲ್ಲಿಯೂ ಸಿಡಿಲಿನ ಹಾವಳಿ ಹೆಚ್ಚು. ತಾಮ್ರದ ತಂತಿಯಿದ್ದ ಕಾಲದಲ್ಲಿ ಎಷ್ಟೋ ಮೋಡೆಮುಗಳು ಹೀಗೆ ಸುಟ್ಟುಹೋಗಿವೆ. ಗಾಜಿನಲ್ಲಿ ವಿದ್ಯುತ್ತು ಹರಿಯುವುದಿಲ್ಲವಾದ್ದರಿಂದ ಫೈಬರಿಗೆ ಆ ಭಯವಿಲ್ಲ ಎಂದು ಹೇಳುವುದುಂಟು. ಇದು ಅರ್ಧ ಸತ್ಯ. ಪೆಟ್ಟಿಗೆಗೆ ಕರೆಂಟು ಕೊಡುವ ಅಡಾಪ್ಟರಿನ ಮೂಲಕ ಸಿಡಿಲಿನ ಹೊಡೆತ ಬರಬಹುದು. ತೂಗುವ ಫೈಬರಿನಲ್ಲಿ ಬಲಕ್ಕಾಗಿ ಸೇರಿಸಿದ ಉಕ್ಕಿನ ಎಳೆಯಿದ್ದರೆ ಅದರ ಮೂಲಕವೂ ಬರಬಹುದು. ಆ ಉಕ್ಕಿನ ಎಳೆಯನ್ನು ಮನೆಯ ಹೊರಗಡೆಯೇ ಕತ್ತರಿಸಿ ನಿಲ್ಲಿಸಿ, ಗಾಜಿನ ಎಳೆಯನ್ನು ಮಾತ್ರ ಒಳಗೆ ತರುವಂತೆ ಜೋಡಿಸುವವರಿಗೆ ಹೇಳತಕ್ಕದ್ದು. ಗುಡುಗು ಕೇಳಿದೊಡನೆ ಪ್ಲಗ್ಗನ್ನು ಕಿತ್ತಿಡುವ ಹಳೆಯ ಅಭ್ಯಾಸವನ್ನು ಬಿಡಬೇಕಾದುದಿಲ್ಲ. ಮನೆಯಿಂದ ಕೊಟ್ಟಿಗೆಗೋ ಪಂಪ್‌ಶೆಡ್ಡಿಗೋ ಎಳೆದ ಉದ್ದನೆಯ ಲೋಹದ ನೆಟ್‌ವರ್ಕ್ ತಂತಿಯನ್ನೂ ಆಗಲೇ ಬಿಡಿಸತಕ್ಕದ್ದು.

ವಿದ್ಯುತ್ತು ಹೋದಾಗ ಫೈಬರಿನ ಪೆಟ್ಟಿಗೆಯೂ ರೂಟರೂ ನಿಲ್ಲುವುವು. ಇವೆರಡಕ್ಕೂ ಸಾಮಾನ್ಯವಾಗಿ ೧೨ ವೋಲ್ಟಿನ ಅಲ್ಪ ಶಕ್ತಿ ಸಾಕಾದುದರಿಂದ ಇನ್ವರ್ಟರಿಲ್ಲದವರು ಇವಕ್ಕೆಂದೇ ಬರುವ ಚಿಕ್ಕ ಯುಪಿಎಸ್ ಇಟ್ಟುಕೊಂಡರೆ ಕೆಲವು ಗಂಟೆ ನಡೆಯುವುದು. ಆದರೆ ಮೆಸ್ಕಾಂ ತಂತಿಯ ಮೇಲೆ ಮರ ಬಿದ್ದು ಎರಡು ದಿನ ಕರೆಂಟಿಲ್ಲದಾಗ ಮನೆಯ ಬ್ಯಾಟರಿಯೊಂದೇ ಇದ್ದು ಏನು ಫಲ? ಕೇಬಲಿನವರ ಪೆಟ್ಟಿಗೆಯಲ್ಲಿ ಬ್ಯಾಟರಿಯಿದೆಯೇ, ಟವರಿಗೆ ಜನರೇಟರಿದೆಯೇ, ಅದಕ್ಕೆ ಡೀಸೆಲು ಯಾರು ಹಾಕುತ್ತಾರೆ ಎಂಬುದನ್ನು ಮಳೆಗಾಲಕ್ಕೆ ಮುಂಚೆ ಕೇಳಿಕೊಂಡವರು ಬಹಳ ಕಡಿಮೆ.

ಮಿತಿಯ ಲೆಕ್ಕ:— “ಅನ್‌ಲಿಮಿಟೆಡ್” ಎಂಬ ಪದದ ಪಕ್ಕದಲ್ಲಿ ಒಂದು ನಕ್ಷತ್ರದ ಗುರುತು ಇರುವುದುಂಟು. ಸಣ್ಣ ಅಕ್ಷರದಲ್ಲಿ ಅದರ ಅರ್ಥವೇನೆಂದರೆ, ಇಂತಿಷ್ಟು ಜಿಬಿ ಮುಗಿದ ಮೇಲೆ ಸಂಪರ್ಕವು ಕಡಿಯುವುದಿಲ್ಲ, ಆದರೆ ವೇಗವು ಇಳಿಯುವುದು. ಮನೆಗೆ ಬರುವ ಫೈಬರಿನ ಅನೇಕ ಯೋಜನೆಗಳಲ್ಲಿ ಈ ಗಡಿ ತಿಂಗಳಿಗೆ ೩೩೦೦ ಜಿಬಿ. ಏರ್‌ಫೈಬರಿನಲ್ಲಿ ಸಾಮಾನ್ಯವಾಗಿ ೧೦೦೦ ಜಿಬಿ. ಮೊಬೈಲಿನಲ್ಲಿ ದಿನಕ್ಕೆ ೧.೫ ಅಥವಾ ೨ ಜಿಬಿ ಎಂಬಂತೆ ಇರುವುದು. ಗಡಿಯ ನಂತರ ಎಷ್ಟಕ್ಕೆ ಇಳಿಯುವುದೆಂಬುದೇ ಮುಖ್ಯ. ೪ ಎಂಬಿಪಿಎಸ್‌ಗೆ ಇಳಿದರೆ ಪಾಠವೂ ಮಾತೂ ನಡೆಯುವುವು. ೬೪ ಕೆಬಿಪಿಎಸ್‌ಗೆ ಇಳಿದರೆ ಗಂಟೆಗೆ ೨೯ ಎಂಬಿಯೂ ಬರುವುದಿಲ್ಲ. ಪಹಣಿಯ ಪುಟವೂ ತೆರೆಯದು. ಅದನ್ನು ಸಂಪರ್ಕವೆಂದು ಕರೆಯುವುದು ಮಾತಿನ ಉಪಚಾರ.

ಮಂಗಳೂರಿನಲ್ಲಿ ಕಾಲೇಜಿಗೆ ಹೋಗುವ ಇಬ್ಬರು ಮಕ್ಕಳಿರುವ ಒಂದು ಮನೆಯನ್ನು ತೆಗೆದುಕೊಳ್ಳಬಹುದು. ಒಬ್ಬೊಬ್ಬರು ದಿನಕ್ಕೆ ಎರಡು ಗಂಟೆ ೧.೫ ಎಂಬಿಪಿಎಸ್ ಪ್ರಮಾಣದಲ್ಲಿ ವಿಡಿಯೋ ಪಾಠ ನೋಡಿದರೆ ಇಬ್ಬರಿಂದ ೨.೭ ಜಿಬಿ. ಸಾಯಂಕಾಲ ಟಿವಿಯಲ್ಲಿ ಮೂರು ಗಂಟೆ ೫ ಎಂಬಿಪಿಎಸ್ ಪ್ರಮಾಣದ ಸ್ಪಷ್ಟ ಚಿತ್ರ ನೋಡಿದರೆ ೬.೭೫ ಜಿಬಿ. ಎಲ್ಲರ ಮೊಬೈಲುಗಳ ವಾರ್ತೆ, ಫೋಟೋ, ಮಾತುಕತೆಗೆ ೨ ಜಿಬಿ. ಒಟ್ಟು ದಿನಕ್ಕೆ ಹನ್ನೊಂದೂವರೆ ಜಿಬಿ, ತಿಂಗಳಿಗೆ ೩೪೫ ಜಿಬಿ. ೩೩೦೦ ಜಿಬಿಯ ಹತ್ತರಲ್ಲೊಂದು ಭಾಗವನ್ನು ಸ್ವಲ್ಪ ಮೀರಿತು, ಅಷ್ಟೆ. ಇವೆಲ್ಲ ಒಂದೇ ಗಳಿಗೆಯಲ್ಲಿ ನಡೆದರೂ ಬೇಕಾದ ವೇಗವು ೧೦ ಎಂಬಿಪಿಎಸ್. ಈ ಮನೆಗೆ ೩೦ ಎಂಬಿಪಿಎಸ್ ಸಂಪರ್ಕವು ಮೂರು ಪಾಲು ಹೆಚ್ಚು. ೩೦೦ ಎಂಬಿಪಿಎಸ್‌ಗೆ ಹಣ ತೆರುವುದೆಂದರೆ ಅರ್ಧ ಎಕರೆಗೆ ಹತ್ತು ಅಶ್ವಶಕ್ತಿಯ ಪಂಪು ಇಟ್ಟಂತೆ. ಮನೆಯಲ್ಲಿಯೇ ಕುಳಿತು ದೊಡ್ಡ ಕಡತಗಳ ಉದ್ಯೋಗ ಮಾಡುವ ಮಗನೋ ಸೊಸೆಯೋ ಇದ್ದರೆ ಮಾತ್ರ ೧೦೦ ಎಂಬಿಪಿಎಸ್ ಯೋಚಿಸಬಹುದು.

ಇದೇ ಮನೆಯವರು ದಿನಕ್ಕೆ ೧.೫ ಜಿಬಿಯ ಮೊಬೈಲ್ ಸಿಮ್ಮಿನಿಂದ ಟಿವಿ ನೋಡಲು ಹೊರಟರೆ ನಲವತ್ತು ನಿಮಿಷದಲ್ಲಿ ದಿನದ ಪಾಲು ಮುಗಿಯುವುದು.

ತೋಟದ ಮನೆಯ ಲೆಕ್ಕ ಬೇರೆ. ಅಲ್ಲಿ ಹಿರಿಯರಿಬ್ಬರು, ರಾತ್ರಿ ಮಕ್ಕಳೊಡನೆ ಅರ್ಧ ಗಂಟೆಯ ವಿಡಿಯೋ ಮಾತು, ಹವಾಮಾನ, ಅಡಿಕೆಯ ಧಾರಣೆ, ಸ್ವಲ್ಪ ಯಕ್ಷಗಾನ. ದಿನಕ್ಕೆ ಒಂದೂವರೆ ಜಿಬಿ ಸಾಕಾದೀತು. ಕೃಷಿಗೆ ಸಂಬಂಧಪಟ್ಟ ಕೆಲಸಗಳು ಯಾವುವೂ ಹೆಚ್ಚು ಡೇಟಾ ಬೇಡುವುದಿಲ್ಲ. ಬೆಳೆ ಸಮೀಕ್ಷೆಯ ಹತ್ತು ಫೋಟೋಗಳಿಗೆ ಖರ್ಚಾಗುವುದು ಹತ್ತು ನಿಮಿಷದ ಸಿನೆಮಾಕ್ಕಿಂತ ಕಡಿಮೆ. ಅವಕ್ಕೆ ಬೇಕಾದುದು ವಿಮೆಯ ಕೊನೆಯ ದಿನ ಮಳೆ ಸುರಿಯುತ್ತಿದ್ದರೂ ಕಡಿಯದಿರುವ ಸಂಪರ್ಕ. ಆದುದರಿಂದ ಅಂಗಳದಲ್ಲಿ ರೇಂಜ್ ಇದ್ದು ಮನೆಯೊಳಗಿಲ್ಲದವರು ಮೊದಲು ಛಾವಣಿಯ ಮೇಲೆ ಆಂಟೆನಾ ಜೋಡಿಸಬಹುದಾದ ಸಿಮ್ ರೂಟರನ್ನು ಪ್ರಯತ್ನಿಸಿ ನೋಡುವುದು ಮೇಲು. ರೇಂಜ್ ಬೇರೆ ಬೇರೆ ಕಂಪನಿಗಳದ್ದು ಬೇರೆ ಬೇರೆಯಾಗಿರುವುದರಿಂದ ನೆರೆಯವರ ಸಿಮ್ ಒಂದು ದಿನ ಕೇಳಿ ಪಡೆದು ಪರೀಕ್ಷಿಸಿದರೆ ಖರ್ಚಿಲ್ಲದೆ ತಿಳಿಯುವುದು. ಫೈಬರು ಇರುವ ಮನೆಯಲ್ಲಿಯೂ ಅನ್ಯ ಕಂಪನಿಯ ಒಂದು ಸಿಮ್ಮನ್ನು ಚಾಲ್ತಿಯಲ್ಲಿಟ್ಟುಕೊಳ್ಳುವುದು ಜಾಣತನ.

ಮನೆಯೊಳಗಿನ ದೋಷವನ್ನು ಕಂಪನಿಯ ಮೇಲೆ ಹೊರಿಸುವುದೂ ಉಂಟು. ಮುರಕಲ್ಲಿನ ದಪ್ಪ ಗೋಡೆಗಳ ಹಳೆಯ ಮನೆಗಳಲ್ಲಿ ರೂಟರನ್ನು ಮೂಲೆಯ ಕೋಣೆಯ ಕಪಾಟಿನ ಹಿಂದಿಟ್ಟರೆ ಎರಡು ಗೋಡೆಗಳಾಚೆಗೆ ವೈಫೈ ದುರ್ಬಲವಾಗುವುದು. ರೂಟರಿನಲ್ಲಿ ೫ ಗಿಗಾಹರ್ಟ್ಸ್ ಮತ್ತು ೨.೪ ಗಿಗಾಹರ್ಟ್ಸ್ ಎಂಬ ಎರಡು ಅಲೆಗಳಿದ್ದರೆ, ಮೊದಲನೆಯದು ವೇಗಕ್ಕೆ, ಎರಡನೆಯದು ಗೋಡೆ ದಾಟುವುದಕ್ಕೆ. ಮನೆಯ ನಡುವಣ ಜಗಲಿಯಲ್ಲಿ ಎತ್ತರದಲ್ಲಿಟ್ಟರೆ ಎಷ್ಟೋ ದೂರುಗಳು ಹಣವಿಲ್ಲದೆ ನಿವಾರಣೆಯಾಗುವುವು. ಕಂಪನಿಯವರು ಹೇಳಿದ ವೇಗ ಬರುತ್ತಿದೆಯೇ ಎಂದು ಅಳೆಯುವಾಗ ರೂಟರಿಗೆ ತಂತಿಯಿಂದ ಜೋಡಿಸಿದ ಕಂಪ್ಯೂಟರಿನಲ್ಲಿ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂಬತ್ತಕ್ಕೆ, ಹೀಗೆ ಮೂರು ದಿನ ಅಳೆದು ಬರೆದಿಡತಕ್ಕದ್ದು.

ಹಣ ಕೊಡುವ ಮುನ್ನ:— ಅಚ್ಚಾದ ದರದ ಮೇಲೆ ಶೇಕಡಾ ೧೮ರ ಜಿಎಸ್‌ಟಿ ಬೀಳುವುದು. ೫೦೦ ರೂಪಾಯಿ ಎಂದುದು ೫೯೦ ಆಗುವುದು. ಜೋಡಣೆಯ ಶುಲ್ಕವೆಷ್ಟು, ರೂಟರು ಸ್ವಂತವೋ ಠೇವಣಿಯದೋ, ತೋಟದ ಮನೆಗೆ ಇಂತಿಷ್ಟು ಮೀಟರಿನಾಚೆ ಎಳೆಯುವ ಫೈಬರಿನ ಖರ್ಚು ಯಾರದು, ಕಡಿದರೆ ಮತ್ತೆ ಎಳೆಯುವ ಖರ್ಚು ಯಾರದು, ಇವನ್ನು ಬರಹದಲ್ಲಿ ಕೇಳತಕ್ಕದ್ದು. ಆರು ತಿಂಗಳ, ವರ್ಷದ ಮುಂಗಡಕ್ಕೆ ಸೋಡಿ ಕೊಡುವರಾದರೂ ಒಂದು ಮಳೆಗಾಲವನ್ನು ತಿಂಗಳ ಲೆಕ್ಕದಲ್ಲಿಯೇ ಕಳೆದು ನೋಡಿದ ಮೇಲೆ ಮುಂಗಡ ಕೊಡುವುದು ಉಚಿತ. ದೂರು ಕೊಟ್ಟಾಗ ಅದರ ಸಂಖ್ಯೆಯನ್ನು ಪಡೆಯದೆ ಫೋನು ಇಡಬಾರದು. ಆ ಸಂಖ್ಯೆಯಿದ್ದರೆ, ದೂರು ಪರಿಹಾರವಾಗದಾಗ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರದ ಮುಂದೆ ಹೋಗುವ ಅವಕಾಶವನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ನಿಯಮಗಳು ಕೊಟ್ಟಿವೆ.

ಗ್ರಾಮದ ಮುಖ್ಯಸ್ಥರಿಗೆ:— ಒಂಟಿ ಮನೆಗಾಗಿ ಒಂದು ಕಿಲೋಮೀಟರು ಫೈಬರು ಎಳೆಯಲು ಯಾವ ಕೇಬಲಿನವನೂ ಸುಲಭವಾಗಿ ಒಪ್ಪುವುದಿಲ್ಲ. ಒಂದು ಬೈಲಿನ ಹದಿನೈದು ಇಪ್ಪತ್ತು ಮನೆಯವರು ಒಟ್ಟಾಗಿ ಕೇಳಿದರೆ ಮಾತು ಬೇರೆಯಾಗುವುದು. ಹಂಚುವ ಪೆಟ್ಟಿಗೆಯನ್ನು ಬೈಲಿನ ನಡುವಿಗೆ ತರಿಸಬಹುದು, ಒಬ್ಬೊಬ್ಬರ ಪಾಲಿನ ಖರ್ಚೂ ಇಳಿಯುವುದು. ಗ್ರಾಮ ಪಂಚಾಯತುಗಳಿಗೆ ಫೈಬರ್ ತಲುಪಿಸುವ ಕೇಂದ್ರ ಸರಕಾರದ ಯೋಜನೆಯು ೨೦೧೧ರಲ್ಲಿ ಮಂಜೂರಾಗಿ, ಈಗ ಭಾರತ್‌ನೆಟ್ ಎಂಬ ಹೆಸರಿನಿಂದ ನಡೆಯುತ್ತಿದೆ. ಪಂಚಾಯತು ಕಚೇರಿಯವರೆಗೆ ಬಂದ ಎಳೆಯಿಂದ ಮನೆಗಳಿಗೆ ಸಂಪರ್ಕ ಕೊಡಲು ಸ್ಥಳೀಯರನ್ನೇ ಪಾಲುದಾರರನ್ನಾಗಿ ತೆಗೆದುಕೊಳ್ಳುವ ಕ್ರಮವೂ ಇದೆ. ತಮ್ಮ ಪಂಚಾಯತಿನ ಎಳೆಯು ಬೆಳಕು ಬರುವ ಸ್ಥಿತಿಯಲ್ಲಿದೆಯೇ, ಕಚೇರಿಯ ಪೆಟ್ಟಿಗೆಗೆ ಬ್ಯಾಟರಿಯಿದೆಯೇ ಎಂಬುದನ್ನು ಮುಖ್ಯಸ್ಥರು ಸ್ವತಃ ಹೋಗಿ ನೋಡಬಹುದು. ರಸ್ತೆ ಅಗಲಿಸುವ ಅಥವಾ ನೀರಿನ ಪೈಪು ಹಾಕುವ ಕೆಲಸಕ್ಕೆ ಜೆಸಿಬಿ ಬರುವುದಕ್ಕೆ ಮುಂಚೆ ಕೇಬಲು ಹಾದುಹೋದ ಜಾಗವನ್ನು ಗುತ್ತಿಗೆದಾರನಿಗೆ ತೋರಿಸಲು ಒಬ್ಬರನ್ನು ನೇಮಿಸಿದರೆ ಇಡೀ ಗ್ರಾಮದ ಒಂದು ವಾರದ ಕತ್ತಲ�� ತಪ್ಪುವುದು.

ವಿದ್ಯುತ್ ಕಂಬಗಳ ಮೇಲೆ ಫೈಬರು ಕಟ್ಟುವುದಾದರೆ ಮೆಸ್ಕಾಂ ಅನುಮತಿ ಬೇಕು, ಮತ್ತು ಕಟ್ಟುವ ಕೆಲಸ ತರಬೇತಿ ಪಡೆದವರದೇ ಆಗಿರಬೇಕು. ತೋಟದ ಆಳುಗಳನ್ನು ಕಂಬ ಹತ್ತಿಸಕೂಡದು. ಮರಗಳ ನಡುವೆ ತೂಗುವ ಭಾಗದ ಮೇಲಿನ ಒಣ ಮಡಲು, ಬಾಗಿದ ಕೊಂಬೆಗಳನ್ನು ಮೇ ತಿಂಗಳ ಕೊನೆಯೊಳಗೆ, ಅಡಿಕೆಗೆ ಮೊದಲ ಸಿಂಪರಣೆಯ ಸಿದ್ಧತೆ ನಡೆಯುವಾಗಲೇ, ಸವರಿಸಿಬಿಡತಕ್ಕದ್ದು.